ಪಗಾರವೋ, ಭಾಗ್ಯವೋ?

ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಮತದಾರರು ಐದು ವರ್ಷಗಳೊಳಗೆ ಮೂರು ಉಪಚುನಾವಣೆಗಳನ್ನು ಕಂಡರು. 2019ರ ಡಿಸೆಂಬರಿನಲ್ಲಿ ಹಿರೇಕೆರೂರು, 2021ರ ಅಕ್ಟೋಬರಿನಲ್ಲಿ ಹಾನಗಲ್ಲು, 2024ರ ನವೆಂಬರಿನಲ್ಲಿ ಶಿಗ್ಗಾಂವಿ. ಸವಣೂರಿನವರು ಶಿಗ್ಗಾಂವಿ ಕ್ಷೇತ್ರಕ್ಕೇ ಮತ ಹಾಕುವವರಾದ್ದರಿಂದ ಅವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಸಾರ್ವತ್ರಿಕ ಚುನಾವಣೆಯಲ್ಲಿ ಜನ ನೂರೆಂಟು ಸಂಗತಿಗಳನ್ನು ಒಟ್ಟಿಗೆ ತೂಗುತ್ತಾರೆ. ಉಪಚುನಾವಣೆಯಲ್ಲಾದರೋ ಸರ್ಕಾರವು ತನ್ನ ಮಂತ್ರಿಗಳನ್ನೆಲ್ಲ ಒಂದೇ ತಾಲ್ಲೂಕಿಗೆ ಇಳಿಸಿ, ‘ನಮ್ಮ ಆಡಳಿತಕ್ಕೆ ಎಷ್ಟು ಅಂಕ ಕೊಡುತ್ತೀರಿ?’ ಎಂದು ನೇರವಾಗಿ ಕೇಳಿದಂತಾಗುತ್ತದೆ. ಉತ್ತರ ಬಂದ ಮರುದಿನ ಬಸ್ ನಿಲ್ದಾಣದಲ್ಲಿಯೂ ಚಹದಂಗಡಿಯಲ್ಲಿಯೂ, ಕೆಲವೊಮ್ಮೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ದೇವಾಲಯದ ಅಂಗಳದಲ್ಲಿಯೂ ಕೇಳಿಬರುವ ವ್ಯಾಖ್ಯಾನ ಒಂದೇ: ‘ಯಾರು ಕೊಟ್ಟರೋ ಅವರಿಗೆ ಜನ ಒಲಿದರು. ಬಡವನ ಅಭಿಪ್ರಾಯಕ್ಕೆ ಬೆಲೆ ಇಷ್ಟೇ.’

ಈ ವ್ಯಾಖ್ಯಾನವನ್ನು ನಾನು ಒಪ್ಪಲಾರೆ. ಅದು ಬಡವರಿಗೆ ಅವಮಾನಕರ ಎಂಬುದು ಒಂದು ಕಾರಣ. ಅದು ಸತ್ಯವಲ್ಲ ಎಂಬುದು ಮುಖ್ಯ ಕಾರಣ.

2021ರ ಜುಲೈ 28ರಂದು ಶಿಗ್ಗಾಂವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ಅವರು ಮಾಡಿದ ಘೋಷಣೆಗಳಲ್ಲಿ ಮಾಸಾಶನದ ಹೆಚ್ಚಳವೂ ಒಂದು. ಸಂಧ್ಯಾ ಸುರಕ್ಷಾ ಮಾಸಾಶನ 1,000 ರೂಪಾಯಿಯಿಂದ 1,200ಕ್ಕೆ ಏರಿತು. ವಿಧವಾ ವೇತನವೂ ಅಂಗವಿಕಲರ ವೇತನವೂ 600ರಿಂದ 800ಕ್ಕೆ ಏರಿದವು. ನಮ್ಮ ಜಿಲ್ಲೆಯವರೇ ಮುಖ್ಯಮಂತ್ರಿಯಾದ ಸಂತೋಷ ಒಂದೆಡೆ, ಕೈಗೆ ಬರುವ ಹಣ ಹೆಚ್ಚಿದ್ದು ಇನ್ನೊಂದೆಡೆ. ಮೂರು ತಿಂಗಳ ಬಳಿಕ, ಸಿ.ಎಂ. ಉದಾಸಿಯವರ ನಿಧನದಿಂದ ತೆರವಾಗಿದ್ದ ಪಕ್ಕದ ಹಾನಗಲ್ಲಿನಲ್ಲಿ ಚುನಾವಣೆ ನಡೆದಾಗ ಆಡಳಿತ ಪಕ್ಷ 7,373 ಮತಗಳಿಂದ ಸೋತಿತು. ಗೆದ್ದ ಶ್ರೀನಿವಾಸ ಮಾನೆಯವರು ಕೊರೋನಾ ಸಂಕಟದ ದಿನಗಳಲ್ಲಿ ಕ್ಷೇತ್ರದ ಜನರ ನಡುವೆ ಇದ್ದು ನೆರವಾದದ್ದು ಫಲಿಸಿತೆಂದು ಆಗ ಪತ್ರಿಕೆಗಳು ಬರೆದವು. 2023ರ ಮೇ ತಿಂಗಳಲ್ಲಿ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್ಸಿಗೆ ಹೋದವು. ಶಿಗ್ಗಾಂವಿ ಮಾತ್ರ ಬೊಮ್ಮಾಯಿಯವರ ಬಳಿ ಉಳಿಯಿತು.

ಮುಂದಿನದು ಇನ್ನೂ ಗಮನಾರ್ಹ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತು. ‘ಕೊಟ್ಟವರಿಗೆ ಒಲಿಯುವ’ ಜನರಾಗಿದ್ದರೆ 2024ರ ಲೋಕಸಭಾ ಚುನಾವಣೆಯಲ್ಲಿ ಈ ಜಿಲ್ಲೆ ಕಾಂಗ್ರೆಸ್ಸಿನದಾಗಬೇಕಿತ್ತು. ಹಾವೇರಿ ಕ್ಷೇತ್ರ ಬೊಮ್ಮಾಯಿಯವರನ್ನು ಸಂಸತ್ತಿಗೆ ಕಳುಹಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅವರು ಬಿಟ್ಟುಕೊಟ್ಟ ಶಿಗ್ಗಾಂವಿಯಲ್ಲಿ ಅವರ ಮಗ 13,448 ಮತಗಳಿಂದ ಸೋತು ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. ಅಕ್ಕಪಕ್ಕದ ಊರುಗಳ ಜನ, ಕೆಲವೇ ತಿಂಗಳುಗಳ ಅಂತರದಲ್ಲಿ, ದೆಹಲಿಗೆ ಒಂದು ತೀರ್ಪು, ಬೆಂಗಳೂರಿಗೆ ಇನ್ನೊಂದು ತೀರ್ಪು. ಇಲ್ಲಿ ನಾನು ಯಾವ ಪಕ್ಷದ ಪರವೂ ವಾದಿಸುತ್ತಿಲ್ಲ. ‘ಹಣ ಕೊಟ್ಟರೆ ಮೆಚ್ಚುಗೆ ಸಿಗುತ್ತದೆ’ ಎಂಬ ಸುಲಭ ಗಣಿತ ನಮ್ಮ ಊರಿನಲ್ಲಿಯೇ ತಾಳೆಯಾಗುವುದಿಲ್ಲ ಎಂದಷ್ಟೇ ತೋರಿಸುತ್ತಿದ್ದೇನೆ.

ಈ ಗಣಿತ ಮೊದಲ ಸಲ ತಪ್ಪಿದ್ದು ಹಾನಗಲ್ಲಿನಲ್ಲಲ್ಲ. ಜರ್ಮನಿಯ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಕಾಯಿಲೆಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯದ ಪಿಂಚಣಿ ತಂದ. ಕಾರ್ಮಿಕರನ್ನು ಸಮಾಜವಾದಿಗಳಿಂದ ಬಿಡಿಸಿ ಸಾಮ್ರಾಜ್ಯಕ್ಕೆ ನಿಷ್ಠರನ್ನಾಗಿಸುವುದು ಅವನ ಉದ್ದೇಶವಾಗಿತ್ತು. ಮರುವರ್ಷದ ಚುನಾವಣೆಯಲ್ಲಿ ಅತಿ ಹೆಚ್ಚು ಮತ ಪಡೆದ ಪಕ್ಷ ಆ ಸಮಾಜವಾದಿಗಳದ್ದೇ ಆಗಿತ್ತು. ಬಿಸ್ಮಾರ್ಕ್ ಅದೇ ವರ್ಷ ಅಧಿಕಾರ ಕಳೆದುಕೊಂಡ. ಅದರ ಮುಂದಿನ ವರ್ಷ, 1891ರಲ್ಲಿ, ಜಗದ್ಗುರು 13ನೇ ಲಿಯೋರವರು ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ‘ರೇರುಮ್ ನೊವಾರುಮ್’ ವಿಶ್ವಪರಿಪತ್ರವನ್ನು ಹೊರಡಿಸಿದರು. ಕಾರ್ಮಿಕನಿಗೆ ಬೇಕಾದದ್ದು ನ್ಯಾಯ, ಅವನ ಕೂಲಿ ಯಾರ ಔದಾರ್ಯವೂ ಅಲ್ಲ ಎಂಬ ನಿಲುವು ಅದರ ಉದ್ದಕ್ಕೂ ಇದೆ. ಬಿಸ್ಮಾರ್ಕ್ ಕೊಟ್ಟ ಪಿಂಚಣಿಯನ್ನು ಜರ್ಮನಿಯ ಕಾರ್ಮಿಕ ಬೇಡವೆನ್ನಲಿಲ್ಲ. ಅದನ್ನು ತನಗೆ ಸಲ್ಲಬೇಕಾದ ಕೂಲಿಯ ಉಳಿಕೆಯೆಂದು ಎಣಿಸಿದನೆಂದು ತೋರುತ್ತದೆ. ಸಲ್ಲಬೇಕಾದುದನ್ನು ಸಲ್ಲಿಸಿದವನಿಗೆ ಯಾರೂ ಋಣಿಯಾಗಿರುವುದಿಲ್ಲ.

ಹಾಗಾದರೆ ಮಾಸಾಶನ ಪಡೆಯುವವರು ಸರ್ಕಾರವನ್ನು ಅಳೆಯುವುದು ಯಾವ ಅಳತೆಗೋಲಿನಿಂದ? ಇದಕ್ಕೆ ಉತ್ತರ ನಮ್ಮ ಜನರ ಬಾಯಿಯಲ್ಲಿರುವ ಒಂದು ಮಾತಿನಲ್ಲಿಯೇ ಇದೆ. ಧಾರವಾಡ–ಹಾವೇರಿ ಸೀಮೆಯಲ್ಲಿ ಮುದುಕರು ವೃದ್ಧಾಪ್ಯ ವೇತನವನ್ನು ‘ಪಗಾರ’ ಎನ್ನುತ್ತಾರೆ. ‘ಈ ತಿಂಗಳ ಪಗಾರ ಬಂತೇನು?’ ಎಂದು ಕಟ್ಟೆಯ ಮೇಲೆ ಒಬ್ಬರನ್ನೊಬ್ಬರು ಕೇಳುತ್ತಾರೆ. ಪೋರ್ಚುಗೀಸರ ಮಾತು ಕೊಂಕಣಿ, ಮರಾಠಿಗಳನ್ನು ಹಾದು ನಮ್ಮಲ್ಲಿಗೆ ಬಂದದ್ದು. ಮೂಲದಲ್ಲಿ ‘ಸಲ್ಲಿಸುವುದು, ತೀರಿಸುವುದು’ ಎಂದೇ ಅದರ ಅರ್ಥ. ಆಫೀಸಿನ ಗುಮಾಸ್ತನಿಗೆ ಬರುವುದೂ ಪಗಾರ, ಮೇಷ್ಟ್ರಿಗೆ ಬರುವುದೂ ಪಗಾರ, ನಲವತ್ತು ವರ್ಷ ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚಿದ ಅಜ್ಜಿಗೆ ಬರುವುದೂ ಪಗಾರ. ಈ ಮಾತನ್ನು ಯಾವ ಇಲಾಖೆಯೂ ಅವರಿಗೆ ಕಲಿಸಲಿಲ್ಲ.

ಸರ್ಕಾರದ ಭಾಷೆಯೂ ಮೊದಲು ಹೀಗೆಯೇ ಇತ್ತು. ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲ ವೇತನ ಎಂಬ ಹಳೆಯ ಹೆಸರುಗಳನ್ನು ಗಮನಿಸಿರಿ. ವೇತನವೆಂದರೆ ದುಡಿಮೆಗೆ ಸಲ್ಲುವ ಹಣ. ವೃದ್ಧಾಪ್ಯ ದುಡಿಮೆಯೇ? ದುಡಿದು ಮುಗಿಸಿದ ಸ್ಥಿತಿ. ಸಮಾಜಕ್ಕೆ ಕೊಟ್ಟದ್ದರ ಬಾಕಿ ಸಂದಾಯವಾಗುವ ಕಾಲ. ಆ ಹೆಸರಿಟ್ಟ ಅಧಿಕಾರಿ ಯಾರೋ, ಒಳ್ಳೆಯ ಹೆಸರನ್ನೇ ಇಟ್ಟ. ಕಾಲಕ್ರಮೇಣ ಯೋಜನೆಗಳ ಭಾಷೆ ಬದಲಾಯಿತು. 2006–07ರಲ್ಲಿ ಭಾಗ್ಯಲಕ್ಷ್ಮಿ, 2013ರಲ್ಲಿ ಅನ್ನಭಾಗ್ಯ ಮತ್ತು ಕ್ಷೀರಭಾಗ್ಯ, ಹತ್ತು ವರ್ಷಗಳ ಬಳಿಕ ಗೃಹಲಕ್ಷ್ಮಿ. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಈ ಹೆಸರುಗಳನ್ನು ಇಟ್ಟವು. ಆದರೂ ಅವುಗಳ ಮನಸ್ಸು ಒಂದೇ. ಭಾಗ್ಯವೆಂದರೆ ಅದೃಷ್ಟ. ಅದೃಷ್ಟಕ್ಕೆ ಲೆಕ್ಕ ಕೇಳುವ ರೂಢಿಯಿಲ್ಲ, ಅದು ತಡವಾದರೆ ದೂರು ಕೊಡುವ ರೂಢಿಯೂ ಇಲ್ಲ. ಕಚೇರಿಯ ಕಡತಗಳಲ್ಲಿ ಹಣ ಪಡೆಯುವವನ ಹೆಸರು ‘ಫಲಾನುಭವಿ’. ಬೇರೆ ಯಾರೋ ನೆಟ್ಟ ಮರದ ಹಣ್ಣನ್ನು ಇವನು ತಿನ್ನುತ್ತಿದ್ದಾನೆ ಎಂಬ ಧ್ವನಿ ಅದರಲ್ಲಿದೆ. ಮರ ನೆಟ್ಟವನೇ ಇವನಾಗಿದ್ದರೆ? ಆ ಪ್ರಶ್ನೆಗೆ ಅರ್ಜಿ ನಮೂನೆಯಲ್ಲಿ ಜಾಗವಿಲ್ಲ.

ಹೆಸರು ಬದಲಾದರೆ ಏನಾಯಿತು, ಹಣ ಬಂದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಪಗಾರವೆಂದು ಎಣಿಸಿದವನು ‘ಯಾವಾಗ, ಎಷ್ಟು, ಏಕೆ ತಡ?’ ಎಂದು ಕೇಳುತ್ತಾನೆ. ಇವು ಆಡಳಿತವನ್ನು ಅಳೆಯುವ ಪ್ರಶ್ನೆಗಳು. ಭಾಗ್ಯವೆಂದು ಎಣಿಸಿದವನು ‘ಕೊಟ್ಟವರಾರು?’ ಎಂದು ಕೇಳುತ್ತಾನೆ; ಅದು ಒಡೆಯನನ್ನು ಗುರುತಿಸುವ ಪ್ರಶ್ನೆ. ಒಡೆಯನನ್ನು ಹುಡುಕುವ ಅಭ್ಯಾಸ ಬಂದ ಮೇಲೆ ಲೆಕ್ಕ ಕೇಳುವ ಅಭ್ಯಾಸ ತಪ್ಪುತ್ತದೆ. ಕೇಂದ್ರ ಸರ್ಕಾರದ ಇಂದಿರಾಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದ ಉದಾಹರಣೆಯನ್ನೇ ನೋಡಿ. 1995ರಲ್ಲಿ ತಲಾ 75 ರೂಪಾಯಿಯಿಂದ ಆರಂಭವಾದ ಕೇಂದ್ರದ ಪಾಲು 2006ರಲ್ಲಿ 200 ರೂಪಾಯಿ ಆಯಿತು. 2011ರಲ್ಲಿ ವಯಸ್ಸಿನ ಮಿತಿ 65ರಿಂದ 60ಕ್ಕೆ ಇಳಿದು, 80 ದಾಟಿದವರಿಗೆ 500 ರೂಪಾಯಿ ಗೊತ್ತಾಯಿತು. 60ರಿಂದ 79ರವರೆಗಿನವರಿಗೆ ಅಂದಿನ 200 ಇಂದಿಗೂ 200 ಆಗಿಯೇ ಉಳಿದಿದೆ. ಈ ಅವಧಿಯಲ್ಲಿ ದೆಹಲಿಯಲ್ಲಿ ಎರಡು ಕೂಟಗಳು ಆಳಿದವು. ಆದರೆ ಈ ಇನ್ನೂರು ರೂಪಾಯಿಗಾಗಿ ಹಿರೇಕೆರೂರಿನಲ್ಲಾಗಲಿ ಸವಣೂರಿನಲ್ಲಾಗಲಿ ಯಾರೂ ದೆಹಲಿಯನ್ನು ಪ್ರಶ್ನಿಸಿದ್ದನ್ನು ನಾನು ಕೇಳಿಲ್ಲ; ರಾಜ್ಯದ ಪಾಲಿನೊಡನೆ ಬೆರೆತು ಒಂದೇ ಮೊತ್ತವಾಗಿ ಬರುವುದರಿಂದ ಅದು ಯಾರಿಗೂ ಕಾಣುವುದಿಲ್ಲ. ಕಾಣದ ಹಣದ ಬಗ್ಗೆ ಪ್ರಶಂಸೆಯೂ ಇಲ್ಲ, ಟೀಕೆಯೂ ಇಲ್ಲ.

ಧರ್ಮಕೇಂದ್ರದ ಕಚೇರಿಗೆ ಅರ್ಜಿ ಬರೆಸಿಕೊಳ್ಳಲು ಬರುವವರಲ್ಲಿ ಕ್ರೈಸ್ತರಿಗಿಂತ ಇತರರೇ ಹೆಚ್ಚು. ಒಬ್ಬ ಅಜ್ಜಿ ಒಮ್ಮೆ ಬಂದು, “ಪಗಾರ ಬಂದಿಲ್ರೀ ಫಾದರ್, ಮೂರು ತಿಂಗಳಾತು. ಸರ್ಕಾರ ನಡಸಾಕ ಬರೂದಿಲ್ಲೇನು ಇವರಿಗೆ?” ಎಂದು ಕೇಳಿದರು. ಹಣವೇನೋ ಮಂಜೂರಾಗಿಯೇ ಇತ್ತು. ಆದರೆ ಅಂಚೆಯವನು ಮನಿಯಾರ್ಡರ್ ತರುತ್ತಿದ್ದ ಕಾಲ ಹೋಗಿ, ಆಧಾರ್ ಸಂಖ್ಯೆ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಆ ಖಾತೆಗೆ ಹಣ ಹೋಗುವ ಕಾಲ ಬಂದಿತ್ತು. ಉದ್ಯೋಗ ಖಾತ್ರಿ ಕೂಲಿಗೆಂದು ತೆರೆಸಿದ್ದ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಅಜ್ಜಿಯ ಮೂರು ತಿಂಗಳ ಹಣ ಸುಮ್ಮನೆ ಬಿದ್ದಿತ್ತು. ಬ್ಯಾಂಕಿನ ತರುಣ ಗುಮಾಸ್ತನೊಬ್ಬ ಹತ್ತು ನಿಮಿಷ ತಾಳ್ಮೆಯಿಂದ ಕುಳ್ಳಿರಿಸಿ ವಿವರಿಸಿದ ಮೇಲೆ ಅವರು ಹೇಳಿದ್ದು: “ಛಲೋ ಐತಿ ಬಿಡ್ರಿ ಸರ್ಕಾರ. ಹುಡುಗ ಕುರ್ಚಿ ಕೊಟ್ಟ.” ಮೊತ್ತ ಒಂದು ರೂಪಾಯಿಯೂ ಹೆಚ್ಚಾಗಿರಲಿಲ್ಲ. ಮುಖ್ಯಮಂತ್ರಿ ಬದಲಾಗಿರಲಿಲ್ಲ. ಬೆಳಗ್ಗೆ ನಡೆಸಲು ಬಾರದ ಸರ್ಕಾರ ಮಧ್ಯಾಹ್ನಕ್ಕೆ ಒಳ್ಳೆಯ ಸರ್ಕಾರವಾಗಿತ್ತು, ಒಂದು ಕುರ್ಚಿಯಿಂದ.

ಇದು ಒಬ್ಬ ಅಜ್ಜಿಯ ಮುಗ್ಧತೆಯೆಂದು ನಕ್ಕು ಬಿಡಬಾರದು. ಅಮೆರಿಕದ ರಾಜ್ಯಶಾಸ್ತ್ರಜ್ಞ ಜೋ ಸಾಸ್ ಅಲ್ಲಿನ ಎರಡು ಬಗೆಯ ನೆರವು ಪಡೆಯುವವರನ್ನು ಮಾತನಾಡಿಸಿ 2000ದಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಒಂದು, ಮಕ್ಕಳಿರುವ ಬಡ ತಾಯಂದಿರಿಗೆ ಕೊಡುತ್ತಿದ್ದ ಸಹಾಯಧನ. ಅದರಲ್ಲಿ ಅಧಿಕಾರಿಯ ಮರ್ಜಿಯೇ ಮುಖ್ಯ, ಮನೆಯ ಖಾಸಗಿ ಸಂಗತಿಗಳನ್ನೆಲ್ಲ ಮತ್ತೆ ಮತ್ತೆ ವಿಚಾರಿಸುತ್ತಿದ್ದರು. ಇನ್ನೊಂದು, ದುಡಿದ ಕಾಲದಲ್ಲಿ ಸಲ್ಲಿಸಿದ ವಂತಿಗೆಯ ಆಧಾರದ ಮೇಲೆ ಅಂಗವಿಕಲರಿಗೆ ಕೊಡುವ ವಿಮೆ. ಅದರಲ್ಲಿ ನಿಯಮಗಳು ಸ್ಪಷ್ಟವಾಗಿದ್ದವು. ಮೊದಲನೆಯವರು ತಮ್ಮ ಕಚೇರಿಯಲ್ಲಿ ಕಂಡ ಅನುಭವವನ್ನೇ ಇಡೀ ಸರ್ಕಾರಕ್ಕೆ ಅನ್ವಯಿಸಿ, ‘ನಮ್ಮ ಮಾತು ಯಾರೂ ಕೇಳುವುದಿಲ್ಲ’ ಎಂದು ಸುಮ್ಮನಾಗಿದ್ದರು. ಎರಡನೆಯವರಲ್ಲಿ ಆ ನಿರಾಶೆ ಅಷ್ಟಾಗಿ ಇರಲಿಲ್ಲ. ಬಡವನು ಸರ್ಕಾರವನ್ನು ಮೊದಲು ಕಾಣುವುದು ವಿಧಾನಸೌಧದಲ್ಲಲ್ಲ. ಅವನು ಕಾಣುವುದು ನಾಡಕಚೇರಿಯ ಕಿಟಕಿಯಲ್ಲಿ.

ಈ ದೃಷ್ಟಿಯಿಂದ 2019ರ ನೆರೆಯ ನೆನಪು ನಮ್ಮ ಜಿಲ್ಲೆಗೆ ಪಾಠವಾಗಬೇಕಿತ್ತು. ಆ ಆಗಸ್ಟಿನಲ್ಲಿ ವರದೆ ಉಕ್ಕಿ, ಮಣ್ಣಿನ ಗೋಡೆಗಳು ನೆನೆದು ಕುಸಿದವು. ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವೆಂದು ಸರ್ಕಾರ ಸಾರಿತು. ಹಿಂದೆಂದೂ ಕೇಳರಿಯದ ಮೊತ್ತ ಅದು, ನಿಜಕ್ಕೂ ಉದಾರವಾದದ್ದು. ಆದರೆ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗಕ್ಕೆ 50 ಸಾವಿರ ಗೊತ್ತುಮಾಡಿದರು. ಯಾವ ಮನೆಗೆ ಯಾವ ಅಕ್ಷರ ಎಂಬುದನ್ನು ಗೋಡೆ ನೋಡಲು ಬಂದವರು ನಿರ್ಧರಿಸಿದರು. ಒಂದೇ ಓಣಿಯಲ್ಲಿ ಎದುರುಬದುರು ಮನೆಗಳವರು ಒಬ್ಬರನ್ನೊಬ್ಬರು ನೋಡುವ ನೋಟವೇ ಬದಲಾಯಿತು. ಇಷ್ಟು ಹಣ ವೆಚ್ಚಮಾಡಿ ಇಷ್ಟು ಅಸಮಾಧಾನ ಗಳಿಸಿದ ಇನ್ನೊಂದು ಯೋಜನೆಯನ್ನು ನಾನು ಕಂಡಿಲ್ಲ.

ಇನ್ನು ‘ಬಿಟ್ಟಿ’ಯ ಮಾತು. ನಮ್ಮ ಧರ್ಮಕೇಂದ್ರಗಳ ಅನುಕೂಲಸ್ಥ ಕುಟುಂಬಗಳಲ್ಲಿಯೂ ಈ ಪದ ಧಾರಾಳವಾಗಿ ಓಡಾಡುತ್ತದೆ: ‘ಬಿಟ್ಟಿ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡಿದರು, ಕೂಲಿಗೆ ಆಳು ಸಿಗುವುದಿಲ್ಲ.’ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಉಚಿತ ವಿದ್ಯುತ್ ಪಡೆಯುವವರೇ, ಹಾಲಿಗೆ ಲೀಟರಿಗೆ ಇಂತಿಷ್ಟೆಂದು ಪ್ರೋತ್ಸಾಹಧನ ಪಡೆಯುವವರೇ, ಗೃಹಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆಯುವ ನೌಕರರೇ ಇದನ್ನು ಹೇಳುವಾಗ ಸ್ವಲ್ಪ ನಗು ಬರುತ್ತದೆ. ಉಳ್ಳವನಿಗೆ ಬರುವ ನೆರವು ಬಿಲ್ಲಿನಲ್ಲಿ, ತೆರಿಗೆಯ ಲೆಕ್ಕದಲ್ಲಿ ಅಡಗಿ ಬರುತ್ತದೆ. ಇಲ್ಲದವನಿಗೆ ಬರುವುದು ಡಂಗುರದೊಂದಿಗೆ. ಅಮೆರಿಕದ ಸುಜಾನ್ ಮೆಟ್ಲರ್ ಎಂಬ ವಿದುಷಿ ಬಳಸಿಕೊಂಡ ಸಮೀಕ್ಷೆಯೊಂದರಲ್ಲಿ, ಅಲ್ಲಿನ ವೃದ್ಧಾಪ್ಯ ಪಿಂಚಣಿ ಪಡೆಯುವವರಲ್ಲಿ ನೂರಕ್ಕೆ 44 ಮಂದಿ, ಗೃಹಸಾಲದ ತೆರಿಗೆ ವಿನಾಯಿತಿ ಪಡೆಯುವವರಲ್ಲಿ 60 ಮಂದಿ, ‘ನಾನು ಸರ್ಕಾರದ ಯಾವ ಯೋಜನೆಯನ್ನೂ ಬಳಸಿಲ್ಲ’ ಎಂದು ಉತ್ತರಿಸಿದ್ದರು. ಸುಳ್ಳು ಹೇಳಿದ್ದಲ್ಲ, ಅವರಿಗೆ ಹಾಗೆ ಅನಿಸಿಯೇ ಇರಲಿಲ್ಲ.

ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿಯನ್ನು ಸಂತ ಮತ್ತಾಯನ ಶುಭಸಂದೇಶದಲ್ಲಿ ನಾವು ಓದುತ್ತೇವೆ. ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಒಂದು ದಿನಾರಿಯನ್ನೇ ಕೊಟ್ಟ. ಇದನ್ನು ದೇವರ ಔದಾರ್ಯದ ಕಥೆಯೆಂದೇ ನಾವು ಸಾಮಾನ್ಯವಾಗಿ ಬೋಧಿಸುತ್ತೇವೆ. ಆದರೆ ಯಜಮಾನ ತನ್ನ ಮೇಸ್ತ್ರಿಗೆ ಹೇಳಿದ್ದು ಆಳುಗಳನ್ನು ಕರೆದು ಅವರ ಕೂಲಿಯನ್ನು ಕೊಡು ಎಂದು. ದಾನ ಕೊಡು ಎಂದಲ್ಲ. ಕೊನೆಗೆ ಬಂದವನು ಸೋಮಾರಿಯೂ ಅಲ್ಲ. ಯಾರೂ ಕೆಲಸಕ್ಕೆ ಕರೆಯದ್ದರಿಂದ ಸಂತೆಬೀದಿಯಲ್ಲಿ ನಿಂತಿದ್ದವನು. ಅವನ ಕೈಗೆ ಬಂದದ್ದು ಪಗಾರವೇ, ಮನೆಯವರ ಒಂದು ದಿನದ ಅನ್ನಕ್ಕೆ ಸಾಲುವಷ್ಟು. ಸೂರ್ಯ ಮುಳುಗುವ ಮೊದಲು ಕೂಲಿ ಸಲ್ಲಬೇಕೆಂಬ ಧರ್ಮೋಪದೇಶಕಾಂಡದ ವಿಧಿಯೂ ಅಲ್ಲಿ ನೆರವೇರಿತು. ಗೊಣಗಿದವರು ಬೆಳಗಿನಿಂದ ದುಡಿದವರು. ಅವರಿಗೆ ಗೊತ್ತಾದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿರಲಿಲ್ಲ.

ಹಾಗೆಂದು ಮಾಸಾಶನವೊಂದನ್ನೇ ಹಿಡಿದು ಸರ್ಕಾರಕ್ಕೆ ಪೂರ್ತಿ ಅಂಕ ಕೊಡಬೇಕೆಂದು ನಾನು ಹೇಳುವುದಿಲ್ಲ. ಜಗದ್ಗುರು 23ನೇ ಜಾನ್‌ರವರು 1963ರ ‘ಪಾಚೆಮ್ ಇನ್ ತೆರಿಸ್’ ಪರಿಪತ್ರದಲ್ಲಿ ಕಾಯಿಲೆ, ಅಂಗವೈಕಲ್ಯ, ವೈಧವ್ಯ, ವೃದ್ಧಾಪ್ಯ, ನಿರುದ್ಯೋಗಗಳಲ್ಲಿ ಭದ್ರತೆ ಪಡೆಯುವುದನ್ನು ಮಾನವ ಹಕ್ಕುಗಳ ಸಾಲಿನಲ್ಲಿಯೇ ಇರಿಸಿದರು. ನಮ್ಮ ಸಂವಿಧಾನದ 41ನೇ ವಿಧಿಯೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ, ನ್ಯಾಯಾಲಯದ ಮೂಲಕ ಕೇಳಿ ಪಡೆಯುವಂಥದಲ್ಲ. ಇಮ್ಮಡಿ ಜಾನ್ ಪೌಲರು 1991ರ ‘ಚೆಂತೆಸಿಮುಸ್ ಆನ್ನುಸ್’ನಲ್ಲಿ ಇನ್ನೊಂದು ಮುಖವನ್ನು ತೋರಿಸಿದರು: ಎಲ್ಲವನ್ನೂ ತಾನೇ ಹಂಚುವ ಸರ್ಕಾರ ಜನರ ಸ್ವಂತ ಶಕ್ತಿಯನ್ನು ಕುಗ್ಗಿಸಬಹುದು, ಕಚೇರಿಗಳನ್ನು ಬೆಳೆಸಬಹುದು. ಇವೆರಡರ ನಡುವೆ ವಿರೋಧವಿಲ್ಲ. ನಮ್ಮ ರೈತನಿಗಂತೂ ಇದು ಓದದೆಯೇ ಗೊತ್ತು. ಮಗಳ ಹೆಸರಿನ ಭಾಗ್ಯಲಕ್ಷ್ಮಿ ಬಾಂಡು ಪೆಟ್ಟಿಗೆಯಲ್ಲಿದ್ದರೂ, 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗುಂಡು ಹಾರಿದ್ದನ್ನು ಅವನು ಮರೆಯಲಿಲ್ಲ. ಆಗ ಹೊಸ ಸರ್ಕಾರಕ್ಕೆ ಎರಡು ವಾರವೂ ತುಂಬಿರಲಿಲ್ಲ. ಬಿತ್ತನೆಯ ಹೊತ್ತಿಗೆ ಗೊಬ್ಬರ, ಬೆಳೆದದ್ದಕ್ಕೆ ಬೆಲೆ, ಮಗನಿಗೆ ಊರಿನಲ್ಲಿಯೇ ಕೆಲಸ – ಈ ಅಂಕಣಗಳು ಅವನ ಲೆಕ್ಕದ ಪುಸ್ತಕದಲ್ಲಿ ಬೇರೆಯೇ ಇವೆ. ಮಾಸಾಶನದ ಅಂಕಣದ ಉಳಿತಾಯವನ್ನು ಅವನು ಅಲ್ಲಿಗೆ ವರ್ಗಾಯಿಸುವುದಿಲ್ಲ.

ನಮ್ಮವರ ವಿಷಯದಲ್ಲಿ ಇನ್ನೂ ಒಂದು ಅಂಕಣವಿದೆ. ವೃದ್ಧಾಪ್ಯ ವೇತನ ಕೊಡುವಾಗ ಸರ್ಕಾರ ಧರ್ಮ ನೋಡುವುದಿಲ್ಲ. ಆದರೆ ಅದೇ ಅಜ್ಜಿಯ ಮೊಮ್ಮಗ ದಲಿತ ಕ್ರೈಸ್ತನಾದ್ದರಿಂದ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತಿಗೆ ಹೊರಗಿನವನು. ಒಂದೇ ಮನೆಯಲ್ಲಿ ಇಬ್ಬರು ಒಂದೇ ಸರ್ಕಾರಕ್ಕೆ ಎರಡು ಅಂಕ ಕೊಟ್ಟರೆ ಆಶ್ಚರ್ಯವೇನು?

ಆದಿ ಧರ್ಮಸಭೆಯ ಮೊದಲ ಆಡಳಿತ ಬಿಕ್ಕಟ್ಟು ಯಾವುದೆಂದು ಗುರುಮಠದಲ್ಲಿ ಓದುವಾಗ ನಮ್ಮನ್ನು ಕೇಳುತ್ತಿದ್ದರು. ಉತ್ತರ: ವಿಧವೆಯರ ನಿತ್ಯದ ಹಂಚಿಕೆ. ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟವನ್ನು ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದ ಆರನೆಯ ಅಧ್ಯಾಯ ದಾಖಲಿಸುತ್ತದೆ. ಪ್ರೇಷಿತರು ‘ಪುಕ್ಕಟೆ ಕೊಡುವಾಗ ಇವರದೆಂಥ ದೂರು’ ಎನ್ನಲಿಲ್ಲ. ಹಂಚುವ ಮೊತ್ತವನ್ನು ಹೆಚ್ಚಿಸಿ ಬಾಯಿ ಮುಚ್ಚಿಸಲೂ ಇಲ್ಲ. ಹಂಚುವವರನ್ನು ಬದಲಿಸಿದರು. ಆಯ್ಕೆಯಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರ ಕೈಗೇ ಕೆಲಸ ಒಪ್ಪಿಸಿದಂತಾಯಿತು. ಇಂಥ ಸುಧಾರಣೆಯನ್ನು ನಮ್ಮ ಯಾವ ಸರ್ಕಾರವೂ ಮಾಡಿಲ್ಲ. ಅಕ್ಕಿ ಹಂಚುವಾಗ ದಾನಿಯ ಹೆಸರಿನ ಫಲಕ ಹಿಡಿಸಿ ಬಡವರ ಚಿತ್ರ ತೆಗೆಯುವ ನಮ್ಮ ಕೆಲವು ಧಾರ್ಮಿಕ ಸಂಸ್ಥೆಗಳಿಗೂ ಅದು ದೂರವೇ ಉಳಿದಿದೆ.

ಕರ್ನಾಟಕದಲ್ಲಿ ಭಾಗ್ಯವನ್ನು ಪಗಾರವಾಗಿಸುವ ಒಂದು ಕಾನೂನು ಇದೆ. 2011ರ ಸಕಾಲ ಕಾಯಿದೆಯ ಪ್ರಕಾರ, ಪಟ್ಟಿಯಲ್ಲಿರುವ ಸೇವೆಯನ್ನು ನಿಗದಿತ ದಿನಗಳೊಳಗೆ ಕೊಡದಿದ್ದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರನಿಗೆ ಸಲ್ಲಬೇಕು. ಆ ಇಪ್ಪತ್ತು ರೂಪಾಯಿ ಕೇಳಿ ಪಡೆದ ಒಬ್ಬ ಅಜ್ಜಿಯನ್ನೂ ನಾನು ಈವರೆಗೆ ಕಂಡಿಲ್ಲ. ಕೇಳಬೇಕಾದರೆ ಅರ್ಜಿ ಕೊಟ್ಟ ದಿನವೇ ಹದಿನೈದು ಅಂಕಿಗಳ ಸಕಾಲ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೈಯಲ್ಲಿರಬೇಕು. ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಮನೆಭೇಟಿಗೆ ಹೋದಾಗ ಅಕ್ಕಿ, ಬೇಳೆಗಳ ಜೊತೆಗೆ ಈ ಚೀಟಿಯನ್ನೂ ವಿಚಾರಿಸಲಿ. ಇಲ್ಲದವರನ್ನು ಕರೆದುಕೊಂಡು ನಾಡಕಚೇರಿಗೆ ಹೋಗಲಿ. ಅಲ್ಲಿ ಕುರ್ಚಿ ಕೊಟ್ಟರೆ ಕುಳಿತುಕೊಳ್ಳಲಿ, ಕೊಡದಿದ್ದರೆ ಕೇಳಲಿ.